ಕಿರುಸೀಗೆ ಕಾಯುವ ವಿಶಾಲಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಂಚದ ಹತ್ತಿರದ ನರ್ಸರಿಯಲ್ಲಿ ವಿಶಾಲಮ್ಮ ಆಗಲೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಸಿಯ ದಂಟನ್ನು ಬೆರಳಿನಿಂದ ಸವರುತ್ತಿದ್ದಾರೆ. ಬಂದವರನ್ನು ಮಾತಾಡಿಸಲೂ ಪುರಸೊತ್ತಿಲ್ಲ. “ಬೆಳಕಿಗೆ ಅಡ್ಡ ನಿಲ್ಬೇಡಿ” ಎನ್ನುತ್ತಾರೆ, ತಲೆ ಎತ್ತದೆ.

ಸಸಿ ಬೆಳೆಸುವ ಪ್ಲಾಸ್ಟಿಕ್ ತೊಟ್ಟೆಗಳಲ್ಲಿರುವುದು ಕಿರುಸೀಗೆ, ಊರವರು ಇಟ್ಟ ಹೆಸರು. ಸೀಗೆಯಂತೆ ಮರ ಹತ್ತದೆ ಎದೆಮಟ್ಟದ ಪೊದೆಯಾಗಿಯೇ ನಿಲ್ಲುತ್ತದೆ. ಗರಿಯಂಥ ಎಲೆ, ಹಳದಿ ಉಂಡೆ ಹೂವು, ಬೀಜಬೀಜದ ನಡುವೆ ಸಣ್ಣಗಾಗುವ ಕಾಯಿ. ಸುತ್ತಲಿನವರು ಕಂಡಿದ್ದ ಪೊದೆ ಒಂದೇ, ತೀರ್ಥಹಳ್ಳಿ ರಸ್ತೆಯ ಬದಿಯದು. ಬೇಸಿಗೆಯಲ್ಲಿ ರಸ್ತೆ ಅಗಲ ಮಾಡಿದ ಜೆಸಿಬಿ ಅದನ್ನು ಬುಡಸಮೇತ ಎತ್ತಿಹಾಕಿತು. ಅದಕ್ಕೆ ಮೊದಲೇ ವಿಶಾಲಮ್ಮ ಸೆರಗಿನಲ್ಲಿ ಕಟ್ಟಿ ತಂದಿದ್ದ ಬೀಜಗಳಷ್ಟೇ ಈಗ ಅದರ ವಂಶ.

ಎಡವಟ್ಟಾಗಿದ್ದು ಮಣ್ಣಿನಲ್ಲಿ. ತೊಟ್ಟೆ ತುಂಬಲು ಕಾಡುಮಣ್ಣು ಬೇಕು. ಕಾಡು ದೂರ, ಅಕೇಶಿಯಾ ಪ್ಲಾಂಟೇಶನ್ನಾದರೆ ಬೇಲಿಯಾಚೆಗೇ ಇದೆ. ವರ್ಷವೂ ಅಲ್ಲಿಂದಲೇ ಬುಟ್ಟಿಯಲ್ಲಿ ಹೊತ್ತು ತರುವ ರೂಢಿ. ಮಣ್ಣಿನ ಜೊತೆ ಬಂದ ಅಕೇಶಿಯಾ ಬೀಜಗಳೂ ಮೊಳೆತಿವೆ. ಎಳೆಯದರಲ್ಲಿ ಅದಕ್ಕೂ ಗರಿ ಎಲೆಯೇ! ಬಲಿತ ಮೇಲಷ್ಟೇ ಅದರ ಎಲೆತೊಟ್ಟು ಚಪ್ಪಟೆಯಾಗಿ, ನಾವು ಎಲೆ ಎಂದುಕೊಳ್ಳುವ ಪಟ್ಟಿಯಾಗುತ್ತದೆ. ಕಿರುಸೀಗೆಯ ತೊಟ್ಟು ಸಪೂರವಾಗಿಯೇ ಉಳಿದು, ದಂಟಿನಲ್ಲಿ ಕೊಕ್ಕೆಮುಳ್ಳು ಏಳುತ್ತದೆ.

“ಮಣ್ಣು ತಂದಿದ್ದು ನಾನೇ. ಯಾರಿಗೆ ಬಯ್ಲಿ?” ಎಂದು ವಿಶಾಲಮ್ಮ ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ದಿನಗೂಲಿಯಲ್ಲೇ ಕೂದಲು ನರೆತಿದೆ, ಮಂಡಿ ಸವೆದಿದೆ. “ಒಂದು ಗಿಡಕ್ಕೆ ಊಟ ಬಿಡ್ತೀಯಲ್ಲಮ್ಮಾ” ಎಂದು ಮಗಳು ಭವ್ಯಾ ರೇಗುತ್ತಾಳೆ. ಊಟ ಸೇರಿದರೆ ತಾನೆ!

ಮುಳ್ಳು ಬಲಿಯುವವರೆಗೆ ಕಾಯೋಣವೆಂದರೆ ಅಕೇಶಿಯಾ ಭರಭರನೆ ಬೆಳೆದು ಪಕ್ಕದ್ದನ್ನು ನುಂಗುತ್ತದೆ. ಫಾರೆಸ್ಟ್ ಗಾರ್ಡ್ ರಾಜೇಂದ್ರನಿಗೂ ಅದೇ ಚಿಂತೆ. “ವಿಶಾಲಕ್ಕ, ಇವತ್ತು ಅಕೇಶಿಯಾ ಕೀಳ್ದಿದ್ರೆ ಕಿರುಸೀಗೆ ಮೇಲೇಳಲ್ಲ.”

“ತಪ್ಪಿ ಕಿರುಸೀಗೆನೇ ಕಿತ್ರೆ? ಮತ್ತೆ ಬೀಜ ಎಲ್ಲಿಂದ ತರ್ತೀರಾ?”

 ವಿಶಾಲಮ್ಮ ಮುಂದಿನ ತೊಟ್ಟೆಗೆ ಸರಿಯುತ್ತಾರೆ. ನುಣುಪು. ಅದರಾಚೆಯದೂ ನುಣುಪು, ಮುಳ್ಳಿಲ್ಲ. ಮುಖ ಬಾಡುತ್ತಾ ಬರುತ್ತದೆ.

ಮೂಲೆಯ ತೊಟ್ಟೆಯ ಹತ್ತಿರ ಕೈ ತಟ್ಟನೆ ಹಿಂದಕ್ಕೆ ಬರುತ್ತದೆ. ಬೆರಳ ತುದಿಯಲ್ಲಿ ರಕ್ತದ ಚುಕ್ಕೆ. ಒರೆಸಿಕೊಳ್ಳುವುದನ್ನೂ ಮರೆತು ವಿಶಾಲಮ್ಮ ಕತ್ತರಿ ಎತ್ತಿಕೊಂಡು, ಪಕ್ಕದ ಅಕೇಶಿಯಾವನ್ನು ಕಿರುಸೀಗೆಯ ಬೇರು ಅಲ್ಲಾಡದಂತೆ ಬುಡದಲ್ಲಿ ಕತ್ತರಿಸುತ್ತಾರೆ. ಮುಂದಿನ ಸಾಲು ಇನ್ನೂ ಹಾಗೇ ಇದೆ.

“ಕೈಗೆ ಮುಳ್ಳು ಚುಚ್ಲಪ್ಪಾ ಅಂತ ದೇವ್ರ ಹತ್ರ ಬೇಡ್ಕೊಳ್ಳೋಳು ನಾನೊಬ್ಳೇ ಇರ್ಬೇಕು.”