ನೀಲಿ ದಾರದ ಗಂಟು

ನಮ್ಮವರನ್ನು ಬಂದರಿನಲ್ಲಿ ಎಲ್ಲರೂ ಮೀಟರಪ್ಪ ಎನ್ನುತ್ತಾರೆ. ಊಟಕ್ಕೆ ಕೂತಾಗಲೂ ಕರೆಂಟು ಅಳೆಯುವ ಆ ಹಳದಿ ಮೀಟರು ಜೇಬಿನಲ್ಲೇ ಇರಬೇಕು. ಮದುವೆಯಾದ ಹೊಸದರಲ್ಲಿ ನನಗೆ ಜ್ವರ ಬಂದಾಗ, ಹಣೆ ಮುಟ್ಟಿ ನೋಡುವ ಮೊದಲು ಥರ್ಮಾಮೀಟರಿನ ಬ್ಯಾಟರಿ ಸರಿಯಿದೆಯೇ ಎಂದು ಅಳೆದ ಮಹಾನುಭಾವರು ಇವರು.

ಇವರ ಕೆಲಸ ಹಾಯಿದೋಣಿಗಳ ಬ್ಯಾಟರಿ ರಿಪೇರಿ. ವರ್ಷಗಟ್ಟಲೆ ನೀರಿನ ಮೇಲೇ ಸಂಸಾರ ಮಾಡುವವರ ದೋಣಿಯಲ್ಲಿ ಇಂಜಿನ್ನಿಗೊಂದು ಬ್ಯಾಟರಿ, ದೀಪ, ಫ್ರಿಜ್ಜು, ರೇಡಿಯೋಗಳಿಗೆ ಬೇರೆ ಬ್ಯಾಟರಿಗಳು. ಎರಡನೆಯದನ್ನು ಇವರು ಮನೆ ಬ್ಯಾಟರಿ ಎನ್ನುತ್ತಾರೆ. ಇವರ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಕೂತು ನಾನು ದೋಣಿಗಳ ಹಾಸಿಗೆ ಗವಸು ಹೊಲಿಯುತ್ತೇನೆ, ಹರಿದ ಹಾಯಿಗೆ ತೇಪೆ ಹಾಕುತ್ತೇನೆ. ನನ್ನ ಮೇಣ ಹಚ್ಚಿದ ನೀಲಿ ದಾರ ಕದಿಯುವುದು ಇವರ ಹಳೆಯ ಚಾಳಿ. ಎಲ್ಲರ ಹಾಗೆ ವೈರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದರೆ ಇವರಿಗೆ ಸಮಾಧಾನವಿಲ್ಲ. ನನ್ನ ದಾರವನ್ನು ಮೂರು ಸುತ್ತು ಸುತ್ತಿ, ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದರೇ ಕೆಲಸ ಮುಗಿದ ಹಾಗೆ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಒಬ್ಬ ಟೀಚರ್ ಮತ್ತು ಅವರ ಗಂಡನ ದೋಣಿಗೆ ಹೋದೆವು. ಗಂಡ ಲೈಬ್ರರಿಯಲ್ಲಿ ಗುಮಾಸ್ತರು. ಇಬ್ಬರೂ ಹಗಲೆಲ್ಲ ದಡದಲ್ಲಿ ದುಡಿದು ಸಂಜೆ ದೋಣಿಗೆ ಮರಳುವವರು. ನನಗೆ ದಿಂಬಿನ ಅಳತೆ ತೆಗೆಯುವುದಿತ್ತು, ಇವರಿಗೆ ಬ್ಯಾಟರಿ ನೋಡುವುದಿತ್ತು. ಮೂರು ವರ್ಷದ ಹಿಂದೆ ಆ ದೋಣಿಗೆ ಸೋಲಾರ್ ಫಲಕ ಹಾಕಿಕೊಟ್ಟವರು ಇವರೇ. ಆಮೇಲೆ ಎರಡು ಜೊತೆ ಬ್ಯಾಟರಿ ಸತ್ತು, ಈಗ ಮೂರನೆಯದಕ್ಕೂ ಏದುಸಿರು ಬಂದಿತ್ತು. ಪ್ರತಿ ಸಲ ಗುಮಾಸ್ತರೇ ಹೊಸದು ತಂದು ಕೂರಿಸಿದ್ದರು.

ಒಳಗೆ ಕಾಲಿಡುತ್ತಲೇ ಟೀಚರ್ ಹೇಳಿಬಿಟ್ಟರು, "ನೋಡಿ, ಈ ಸಲವೂ ಸರಿ ಹೋಗಲಿಲ್ಲ ಅಂದ್ರೆ ನಾನು ದಡದಲ್ಲಿ ರೂಮು ಹಿಡೀತೀನಿ. ಇವರು ಬೇಕಾದ್ರೆ ದೋಣೀಲೇ ಇರಲಿ. ಹಣೆಗೆ ಟಾರ್ಚ್ ಕಟ್ಕೊಂಡು ಮಕ್ಕಳ ನೋಟ್‌ಬುಕ್ ತಿದ್ದಿ ತಿದ್ದಿ ಸಾಕಾಗಿದೆ."

"ಫ್ರಿಜ್ಜಿನ ಬಾಗಿಲು ಹತ್ತು ಸಲ ತೆಗೆಯೋಳು ಯಾರು?" ಎಂದರು ಗುಮಾಸ್ತರು, ಗೋಡೆಯ ಕಡೆ ನೋಡುತ್ತ.

ತಮಾಷೆಯ ಮಾತಲ್ಲ ಎಂದು ನನಗೆ ಗೊತ್ತಾಯಿತು. ಮೂಲೆಯಲ್ಲಿ ಒಂದು ಸೂಟ್‌ಕೇಸ್ ಆಗಲೇ ಅರ್ಧ ತುಂಬಿತ್ತು.

ನಮ್ಮವರಿಗೆ ಇದ್ಯಾವುದೂ ಕಿವಿಗೆ ಬೀಳುವುದಿಲ್ಲ. ಮಂಚದ ಹಲಗೆ ಎತ್ತಿ ತಲೆ ಒಳಗೆ ತೂರಿಸಿದರು. "ಹನ್ನೆರಡು ಪಾಯಿಂಟ್ ಒಂದು ವೋಲ್ಟ್. ಅರ್ಧ ಹೊಟ್ಟೆ," ಎಂದರು. ದೀಪ, ಫ್ರಿಜ್ಜುಗಳ ಸ್ವಿಚ್ಚು ಆರಿಸಿ ಕಳ್ಳ ಸೋರಿಕೆ ಇದೆಯೇ ಎಂದು ಅಳೆದರು. ಇರಲಿಲ್ಲ. ವೈರಿನ ತುದಿಯ ಕಿಲುಬು ಕೆರೆದು ನೋಡಿದರು, ಕೆಳಗಿನ ತಾಮ್ರ ಹೊಳೆಯುತ್ತಿತ್ತು. ಬಿಸಿಲು ಚೆನ್ನಾಗಿತ್ತು, ಫಲಕದಿಂದ ಏಳು ಆಂಪಿಯರ್ ಸರಾಗವಾಗಿ ಬರುತ್ತಿತ್ತು. ಎಲ್ಲವೂ ಸರಿಯಿದ್ದೂ ಬ್ಯಾಟರಿ ಸಾಯುವ ಒಗಟು ಸಿಕ್ಕರೆ ಇವರ ಮುಖ ಅರಳುತ್ತದೆ. ಊಟ ಬಿಟ್ಟು ಕೂರುವ ರೋಗ ಶುರುವಾಗುವುದೂ ಆಗಲೇ.

ಹತ್ತು ನಿಮಿಷ ಗಡ್ಡ ಕೆರೆದುಕೊಂಡು ಎದ್ದು ಕೂತರು. "ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಏನೇನು ಮಾಡ್ತೀರೋ, ಒಂದೂ ಬಿಡದೆ ಮಾಡಿ ತೋರಿಸಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ, ಪಾಪ, ನಾಟಕದವರ ಹಾಗೆ ಶುರುಮಾಡಿದರು. ಟೀಚರ್ ಬ್ಯಾಗು ಹೆಗಲಿಗೆ ಹಾಕಿದರು, ಕಿಟಕಿ ಮುಚ್ಚಿದರು, ಗ್ಯಾಸ್ ಆಫ್ ಮಾಡಿದರು. ಗುಮಾಸ್ತರು ಚಪ್ಪಲಿ ಮೆಟ್ಟಿ, ಕೊನೆಗೆ ಮೆಟ್ಟಿಲ ಪಕ್ಕದ ದೊಡ್ಡ ಕೆಂಪು ಸ್ವಿಚ್ಚನ್ನು ಟಕ್ಕೆಂದು ತಿರುಗಿಸಿದರು.

"ಇದ್ಯಾಕೆ?"

"ನಾವಿಲ್ಲದಾಗ ಬ್ಯಾಟರಿ ಉಳೀಲಿ ಅಂತ. ಮೂರು ವರ್ಷದಲ್ಲಿ ಒಂದು ದಿನ ಮರೆತಿಲ್ಲ."

ನಮ್ಮವರು ಮೀಟರನ್ನು ಎತ್ತಿ ತೋರಿಸಿದರು. ಏಳು ಇದ್ದದ್ದು ಸೊನ್ನೆಯಾಗಿತ್ತು.

ಫಲಕದ ವೈರು ನೇರ ಬ್ಯಾಟರಿಗೆ ಹೋಗಬೇಕು. ಇಲ್ಲಿ ಅದು ಕೆಂಪು ಸ್ವಿಚ್ಚಿನ ಆಚೆ ಬದಿಗೆ, ದೀಪ ಫ್ರಿಜ್ಜುಗಳ ಕಡೆಗೆ ಸೇರಿತ್ತು. ಸ್ವಿಚ್ಚು ಆರಿಸಿದರೆ ಖರ್ಚೂ ನಿಲ್ಲುತ್ತದೆ, ಬರುವ ಚಾರ್ಜೂ ನಿಲ್ಲುತ್ತದೆ. ಸಂಜೆ ಗಂಡ ಹೆಂಡತಿ ಬಂದು ಹಾಕುವ ಹೊತ್ತಿಗೆ ಸೂರ್ಯ ಮನೆಗೆ ಹೊರಟಿರುತ್ತಾನೆ. ಹೊಟ್ಟೆ ತುಂಬದೆ ದಿನಗಟ್ಟಲೆ ಬಿದ್ದಿದ್ದ ಬ್ಯಾಟರಿ ಒಣಗಿ ಸಾಯದೆ ಇನ್ನೇನು ಮಾಡೀತು? ಮರೆಗುಳಿಗಳಾಗಿದ್ದಿದ್ದರೆ ಅವರ ಬ್ಯಾಟರಿ ಇನ್ನೂ ಬದುಕಿರುತ್ತಿತ್ತು!

"ಬ್ಯಾಟರಿ ಬದಲಿಸಿದಾಗ ವೈರು ಬಿಚ್ಚಿ ಹಾಕಿದ್ದು ನೀವೇ ತಾನೇ?" ಟೀಚರ್ ಗಂಡನ ಕಡೆ ತಿರುಗಿದರು. ದನಿ ಏರಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ದೆ?"

ಗುಮಾಸ್ತರು ಚಪ್ಪಲಿ ಬಿಚ್ಚಿ ಕೂತರು. "ನಾನೇ ಇರಬೇಕು. ನೆನಪಿಲ್ಲ."

ನಾನು ಅಳತೆಯ ಟೇಪು ಹಿಡಿದು ಅಲ್ಲೇ ಬಗ್ಗಿದ್ದೆ. ಸ್ವಿಚ್ಚಿನ ಹಿಂದೆ, ಆ ತಪ್ಪು ವೈರಿನ ಮೇಲೆ, ಮೂರು ಸುತ್ತು ನೀಲಿ ದಾರ. ಗಂಟಿನ ಮೇಲೆ ಉಪ್ಪು ಕೂತು ಬೆಳ್ಳಗಾಗಿತ್ತು. ಅದನ್ನು ಒಮ್ಮೆಯೂ ಯಾರೂ ಬಿಚ್ಚಿರಲಿಲ್ಲ. ತಲೆಯೆತ್ತಿ ನೋಡಿದೆ. ಇವರೂ ಅದನ್ನೇ ನೋಡುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ತಪ್ಪು ನನ್ನದು ಎಂದು ಇವರ ಬಾಯಿಂದ ಕೇಳಿದವಳಲ್ಲ ನಾನು. ಹಾಲು ಉಕ್ಕಿಸಿದರೂ ಒಲೆಯದೇ ತಪ್ಪು. ಏನು ಮಾಡುತ್ತಾರೋ ಎಂದು ಕಾದೆ. ಗುಮಾಸ್ತರು ಇನ್ನೂ ತಲೆ ಬಗ್ಗಿಸಿಯೇ ಕೂತಿದ್ದರು.

ಇವರು ಮೀಟರನ್ನು ಜೇಬಿಗಿಟ್ಟರು, ಮತ್ತೆ ತೆಗೆದರು.

"ಅವರಲ್ಲ ಟೀಚರ್. ಅದು ನನ್ನ ಗಂಟು. ಫಲಕ ಹಾಕಿದ ದಿನವೇ ತಪ್ಪು ಕಡೆ ಸೇರಿಸಿದ್ದೀನಿ. ಅವರು ಆ ವೈರು ಮುಟ್ಟೇ ಇಲ್ಲ."

ಟೀಚರ್ ಬ್ಯಾಗನ್ನು ಹೆಗಲಿಂದ ಇಳಿಸಿದರು. ನಮ್ಮವರ ಕಡೆ ನೋಡಲಿಲ್ಲ. "ಮೂರು ವರ್ಷ ನಿಮ್ಮನ್ನ ಬೈದೆ," ಎಂದರು ಗಂಡನಿಗೆ.

"ನೀನು ಓದ್ತಾ ಇರೋವಾಗ್ಲೇ ನಾನೂ ದೀಪ ಆರಿಸ್ತಿದ್ದೆ," ಎಂದರು ಗುಮಾಸ್ತರು. ಎದ್ದು ಹೋಗಿ ಕೆಂಪು ಸ್ವಿಚ್ಚು ಹಾಕಿ, ಆ ಹಾಡುಹಗಲಲ್ಲಿ ಹೆಂಡತಿಯ ತಲೆಯ ಮೇಲಿನ ದೀಪ ಹೊತ್ತಿಸಿದರು. ಆರಿಸಿ ಎಂದು ಯಾರೂ ಹೇಳಲಿಲ್ಲ.

ಇವರು ನೀಲಿ ದಾರ ಕತ್ತರಿಸಿ, ವೈರನ್ನು ನೇರ ಬ್ಯಾಟರಿಗೆ ತಂದು, ನಡುವೆ ಒಂದು ಫ್ಯೂಸ್ ಕೂರಿಸಿದರು. ಬ್ಯಾಟರಿ ಚೇತರಿಸಿಕೊಳ್ಳದಿದ್ದರೆ ಹೊಸ ಜೊತೆ ತಮ್ಮದೇ ಖರ್ಚಿನಲ್ಲಿ ಎಂದೂ ಹೇಳಿದರು. ನಾವು ಹೊರಡುವಾಗ ಸೂಟ್‌ಕೇಸಿನ ಮುಚ್ಚಳ ತೆರೆದಿತ್ತು, ಟೀಚರ್ ಅದರಿಂದ ನೋಟ್‌ಬುಕ್ಕುಗಳನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು.

ಹಲಗೆಯ ಸೇತುವೆ ದಾಟುವಾಗ ಇವರು ಕೇಳಿದರು, "ಗಂಟು ನಿಂಗೂ ಕಾಣಿಸ್ತು, ಅಲ್ವಾ?"

"ಕಾಣಿಸ್ದೆ ಏನು? ನನ್ನ ದಾರ ನಂಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀವೇ ಹೇಳ್ತೀರೋ ಇಲ್ವೋ ನೋಡೋಣ ಅಂತ."

ನಾಲ್ಕು ಹೆಜ್ಜೆ ನಡೆದು ನಿಂತರು. "ಹೇಳದೇ ಇದ್ದಿದ್ರೆ?"

"ನಾಳೆಯಿಂದ ದಾರಕ್ಕೆ ಬೇರೆ ಅಂಗಡಿ ನೋಡ್ಕೋಬೇಕಾಗ್ತಿತ್ತು," ಎಂದೆ.