ಕೆಚ್ಚುವ ಬೆರಳಿಗೆ ಯಾವ ಎಣ್ಣೆ

ಗುರುಬಸವ್ವನ ಬೆರಳು ಸುಮ್ಮನೆ ಕೂಡುವುದಿಲ್ಲ. ಮಾತಾಡುವಾಗಲೂ ಸೆರಗಿನ ಅಂಚಿನಿಂದ ಒಂದು ಎಳೆ ಕೀಳುತ್ತವೆ, ಇನ್ನೊಂದು ಹುಡುಕುತ್ತವೆ, ಎರಡನ್ನೂ ಕೂಡಿಸಿ ತಿರುವುತ್ತವೆ. ಬನಹಟ್ಟಿಯ ಮಗ್ಗಗಳಲ್ಲಿ ಮೂವತ್ತು ವರ್ಷದಿಂದ ಆಕೆಯ ಕೆಲಸ ಅದೇ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆ, ತೀರುತ್ತ ಬಂದಾಗ ನೂಲು ಸುತ್ತಿದ ಹೊಸ ಉರುಳೆ, ಬೀಮು, ತಂದಿಟ್ಟು, ಹಳೆ ಎಳೆಯ ತುದಿಗೆ ಹೊಸ ಎಳೆಯ ತುದಿ ಕೂಡಿಸಿ ಬೆರಳಲ್ಲಿ ತಿರುವಬೇಕು. ಗಂಟು ಹಾಕುವಂತಿಲ್ಲ, ಗಂಟು ಮಗ್ಗದ ಹಣಿಗೆಯ ಹಲ್ಲಿನಲ್ಲಿ ಸಿಗುತ್ತದೆ. ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ಬೀಮೊಂದಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಎಳೆ. ನೂಲು ಜಾರಬಾರದೆಂದು ಮಗ್ಗುಲಲ್ಲಿ ಒಂದು ಬಟ್ಟಲು ಬೂದಿ.

ಆ ಬೂದಿ ಬೆರಳು ತಿನ್ನುತ್ತದೆ. ಉಗುರಿನ ಬುಡದ ಚರ್ಮ ಒಣಗಿ ಸಿವುರು ಏಳುತ್ತದೆ. ಸಿವುರಿಗೆ ನೂಲು ಸಿಕ್ಕಿತೆಂದರೆ ಒಂದೋ ನೂಲು ಹರಿಯಬೇಕು, ಇಲ್ಲಾ ಬೆರಳು. ನಮ್ಮ ನೇಕಾರರ ಸಂಘದಿಂದ ನಾವು ವರ್ಷಕ್ಕೊಂದು ಮನವಿ ಕೊಟ್ಟವರು. ಕರೆಂಟು, ಕೂಲಿ, ನೂಲಿನ ದರ, ಮನೆ, ಎಲ್ಲಾ ಬರೆದಿದ್ದೇವೆ. ಉಗುರಿನ ಬುಡ ಯಾವ ಮನವಿಯಲ್ಲೂ ಇಲ್ಲ. ಹೆಂಗಸರ ಬೆರಳು, ಯಾರು ನೋಡುತ್ತಾರೆ.

ಆಕೆಯ ಮದ್ದು ಆಕೆಗೆ ಗೊತ್ತಿತ್ತು. ಗಾಣದ ಕುಸುಬಿ ಎಣ್ಣೆ. ರಾತ್ರಿ ಹಚ್ಚಿ ಮಲಗುವುದು, ಮಧ್ಯಾಹ್ನ ಬುತ್ತಿ ಉಂಡ ಮೇಲೆ ಮತ್ತೊಂದು ಹನಿ ತಿಕ್ಕಿ, ಜೋಳದ ಹಿಟ್ಟಿನಲ್ಲಿ ಒರೆಸಿ ಕೆಲಸಕ್ಕೆ ಕೂಡುವುದು. ಹೋದ ಚಳಿಗಾಲದಲ್ಲಿ ಗಾಳಿ ಬಿಟ್ಟ ರೀತಿಗೆ ಕುಸುಬಿಯೂ ಸಾಲಲಿಲ್ಲ. ಆಗ ತಂಗಿಯ ಮಗಳು ಸೌಂದರ್ಯಾ ಒಂದು ಸಣ್ಣ ಸೀಸೆ ತಂದುಕೊಟ್ಟಳು. ಆಕೆ ಜಮಖಂಡಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ.

"ದೊಡ್ಡವ್ವಾ, ಆ ಕುಸುಬಿ ಎಣ್ಣಿ ಬಿಡು, ವಗ್ಗರಣಿ ವಾಸನಿ ಬರತೈತಿ. ಇದು ಉಗುರಿಗಂತನ ಮಾಡಿದ್ದು. ಬಾದಾಮಿದು."

ಸೀಸೆಯ ಮೇಲೆ ದಪ್ಪನ್ನ ಎರಡು ಬಾದಾಮಿ ಚಿತ್ರ. ವಾಸನೆ ಛಲೋ ಇತ್ತು. ಎಂಟು ದಿನದಲ್ಲಿ ಸಿವುರು ಕೂತವು. ಗುರುಬಸವ್ವ ಖುಷಿಯಾಗಿದ್ದಳು.

ಮುಂದೆ ತಿಂಗಳೊಪ್ಪತ್ತಿಗೆ ವೀರಣ್ಣನವರ ಮನೆಯಿಂದ ಕರೆ ಬಂತು. ಅವರದು ಹನ್ನೆರಡು ಪವರ್‌ಲೂಮಿನ ಶೆಡ್ಡು, ಬಿಳಿ ಧೋತರ ನೇಯಿಸುತ್ತಾರೆ. ಈಕೆ ಹೊಸ ಬೀಮು ಇದೆಯೆಂದು ಬೂದಿಬಟ್ಟಲು ಹಿಡಿದೇ ಹೋದಳು. ವೀರಣ್ಣ ಒಂದು ಧೋತರ ಹಾಸಿ ತೋರಿಸಿದರು. ತುದಿಯಿಂದ ಒಂದು ಮೊಳದೊಳಗೆ, ಬೆರಳು ಸವರಿದಷ್ಟು ಅಗಲ, ಬೂದುಬಣ್ಣದ ಕಲೆ. ಇನ್ನೊಂದು ಹಾಸಿದರು. ಅಲ್ಲೂ ಅಷ್ಟೇ.

"ಮೂರು ಬೀಮು ಕೆಚ್ಚೀದಿ. ಮೂರರದ್ದೂ ಮೊದಲನೇ ಧೋತರಾ ಹಿಂಗ. ತೊಳ್ಯಾಕ ಹಾಕಿದ್ನಿ, ಹೋಗಲಿಲ್ಲ. ವ್ಯಾಪಾರಸ್ಥ ಗಂಟ ಒಗದು ಹೋದ."

"ಮಗ್ಗದ ಎಣ್ಣಿ ಸಿಡದಿರಬೇಕ್ರಿ."

"ಮಗ್ಗದ್ದು ಹನಿ ಬೀಳತೈತಿ ಬೇ. ಇದು ಬೆರಳಿನ ಗುರ್ತು. ಕೆಚ್ಚಿದ ಮ್ಯಾಲೆ ಎಳಿ ಸವರಿ ಬಿಡಸಾಕಿ ನೀನಾ ಅಲ್ಲ?"

ಅದು ಖರೆ. ಎಳೆ ಸವರಿ ಬಿಡಿಸುವುದು ಆಕೆಯ ರೂಢಿ, ಊರಲ್ಲಿ ಬೇರೆ ಯಾರೂ ಅಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ. ಬೂದಿಬಟ್ಟಲು ಹಿಡಿದು ಹಂಗೇ ವಾಪಸು ಬಂದಳು.

ಬನಹಟ್ಟಿ ದೊಡ್ಡ ಊರಲ್ಲ. ಸಂಜೆಯೊಳಗೆ ಗುರುಬಸವ್ವನ ಕೈ ಹೊಲಸಾಗಿದೆ ಅಂತ ಮಾತು ಓಣಿ ದಾಟಿತು. ಮರುದಿನ ಇನ್ನಿಬ್ಬರು ಬರಬೇಡ ಅಂದರು. ಅವರ ಬೀಮು, ವೀರಣ್ಣನವರದೂ, ಕೆಚ್ಚುವ ಇನ್ನೊಬ್ಬಾಕೆ ಮರೆವ್ವನ ಪಾಲಾದವು. ಮರೆವ್ವ ಬೋರಿಂಗಿಗೆ ನೀರು ತರಲು ಬಂದು ಎಲ್ಲರಿಗೂ ಕೇಳುವಂಗೆ ಅಂದಳು, "ಮುದುಕಿಗೆ ಪಾರ್ಲರ್ ಸೋಕಿ ಹತ್ತೈತ್ರೆವ್ವಾ. ಉಗುರಿಗೆ ಬಾದಾಮಿ, ಧೋತರಕ್ಕ ಕಲೆ."

ಒಂಬತ್ತು ದಿನ ಆಕೆಗೆ ಕೆಲಸ ಇಲ್ಲ. ನಾನು ನೋಡಲು ಹೋದಾಗ ಕಟ್ಟೆಯ ಮೇಲೆ ಕೂತಿದ್ದಳು, ಸೆರಗಿನ ಅಂಚು ಗೇಣುದ್ದ ಬಿಚ್ಚಿಹೋಗಿತ್ತು. ಏಳುವಳು, ಒಳಗೆ ಹೋಗುವಳು, ಏನೂ ತಾರದೆ ಹೊರಗೆ ಬರುವಳು. ನಾನು ಹಳೇ ಚಾಳಿಯವನು. "ನಾಳೆ ಹತ್ತು ಹೆಣ್ಮಕ್ಕಳನ್ನ ಕರಕೊಂಡು ವೀರಣ್ಣನ ಶೆಡ್ಡಿನ ಮುಂದ ಕೂಡೂಣು. ವಿಚಾರಣಿ ಇಲ್ಲದ ಕೆಲಸ ಬಿಡಸೂದಂದ್ರ ಏನು?" ಅಂದೆ.

"ಕೂತು ಏನಂತ ಕೂಗೂದಣ್ಣಾ?"

"ಕಲೆ ನಿಂದಲ್ಲಂತ."

"ನಂದಲ್ಲಂತ ನಿನಗ್ಯಾರು ಹೇಳಿದ್ರು? ನನಗಾ ಗೊತ್ತಿಲ್ಲ." ಬೆರಳು ಮೂಗಿನ ಹತ್ತಿರ ತಂದು ಮೂಸಿದಳು. "ಮೂವತ್ತು ವರ್ಷ ಕುಸುಬಿ ಹಚ್ಚೇನಿ. ಯಾರ ಬಟ್ಟಿಗೂ ಕಲೆ ನಿಂತಿಲ್ಲ. ಈಗ್ಯಾಕ ನಿಂತತಿ ಅನ್ನೂದು ತಿಳೀಬೇಕು. ತಿಳೀಲಾರದ ನಾ ಯಾರ ಬಾಗಲಾಗೂ ಕೂಡಾಕಿ ಅಲ್ಲ."

ನನಗೆ ಸಿಟ್ಟು ಬಂತು, ಯಾಕೆಂದರೆ ಆಕೆ ಹೇಳಿದ್ದು ಸರಿ ಇತ್ತು.

ಮರುದಿನ ಮೊದಲ ಬಸ್ಸಿಗೆ ಸೀಸೆ ಸೆರಗಿನಲ್ಲಿ ಕಟ್ಟಿಕೊಂಡು ಜಮಖಂಡಿಗೆ ಹೊರಟಳು. ನಾನೂ ಹೋದೆ. ಪಾರ್ಲರಿನ ತಿರುಗುವ ಕುರ್ಚಿಯಲ್ಲಿ ಕೂತವಳು ಕನ್ನಡಿಯ ಕಡೆ ನೋಡಲಿಲ್ಲ.

"ಇದರಾಗ ಏನೇನ ಐತಿ, ಓದಿ ಹೇಳು."

"ಬಾದಾಮಿ ಅಂತ ಮ್ಯಾಲೇ ಐತೆಲ್ಲ ದೊಡ್ಡವ್ವಾ."

"ಮ್ಯಾಲಿಂದ ಬ್ಯಾಡ. ಹಿಂದ ಇರಿವಿ ಸಾಲಿನಂಗ ಬರದಾರಲ್ಲ, ಅದನ್ನ ಓದು."

ಸೌಂದರ್ಯಾ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದಳು. ಮೊದಲ ಹೆಸರು ಪ್ಯಾರಾಫಿನಂ ಲಿಕ್ವಿಡಂ. ಎರಡನೆಯದು ಕಾರ್ಥಾಮಸ್ ಟಿಂಕ್ಟೋರಿಯಸ್. ಆಮೇಲೆ ಟೋಕೋಫೆರಾಲ್, ಸುಗಂಧ. ಕಟ್ಟಕಡೆಗೆ, ಬಣ್ಣದ ನಂಬರಿನ ಹಿಂದೆ, ಬಾದಾಮಿ.

"ಬಾದಾಮಿ ಕಡೀಕ ಯಾಕೈತಿ?"

ಹುಡುಗಿ ಹೆಸರುಗಳನ್ನು ಮೇಲಿನಿಂದ ಮತ್ತೊಮ್ಮೆ ಓದಿದಳು. ಕೋರ್ಸಿನಲ್ಲಿ ಕಲಿಸಿದ್ದು ಆಗ ನೆನಪಾಗಿರಬೇಕು. "ಯಾವುದು ಹೆಚ್ಚ ಇರತೈತಿ ಅದನ್ನ ಮೊದಲ ಬರೀತಾರ. ಕಡೀಕಿಂದು ನೂರರಾಗ ಒಂದು ಪಾಲೂ ಇರೂದಿಲ್ಲ."

"ಅಂದ್ರ ಚಿತ್ರ ಬಾದಾಮಿದು, ಸೀಸಾ ತುಂಬ ಆ ಮೊದಲನೇದು. ಅದೇನದು?"

"ಮಿನರಲ್ ಆಯಿಲ್. ಚರ್ಮಕ್ಕ ಕೆಟ್ಟದ್ದಲ್ಲ ದೊಡ್ಡವ್ವಾ. ಮ್ಯಾಲೆ ಪದರ ಕಟ್ಟಿ ಪಸಿ ಆರದಂಗ ಹಿಡೀತೈತಿ. ಅದಕ್ಕಾ ನಿನ್ನ ಸಿವುರು ಕೂತಿದ್ದು. ಟೋಕೋಫೆರಾಲ್ ಅಂದ್ರ ವಿಟಮಿನ್ ಈ, ಎಣ್ಣಿ ಕಮಟಾಗದಂಗ ತಡೀತೈತಿ."

"ಮಿನರಲ್ ಅಂದ್ರ ಎಲ್ಲಿಂದ ಬರತೈತಿ? ಬೀಜದಿಂದಾ?"

ನಾನು ಬಾಯಿ ಹಾಕಿದೆ. "ನೆಲದಾಗಿಂದ. ಕಲ್ಲೆಣ್ಣಿ ಸೋಸಿ ಸೋಸಿ ತಗೀತಾರ. ಮಗ್ಗಕ್ಕ ಬಿಡೂ ಬಿಳಿ ಎಣ್ಣಿ ಇಲ್ಲನು, ಅದರ ಬೀಗರು."

ಗುರುಬಸವ್ವ ನನ್ನ ಮುಖ ನೋಡಿದಳು. ಹೆಬ್ಬೆರಳು ತೋರುಬೆರಳಿನ ಮೇಲೆ ತಿರುಗುವುದು ನಿಂತಿತು. ಆಕೆಯ ಬೆರಳು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಎರಡನೇದೇನು?"

ಸೌಂದರ್ಯಾ ಹೆಸರು ಒತ್ತಿದಳು. ಚಿತ್ರ ಬಂತು: ಮುಳ್ಳಿನ ಗಿಡ, ಕೇಸರಿ ಹೂವು.

"ಏ ಇದರವ್ವನ!" ಗುರುಬಸವ್ವ ಕುರ್ಚಿಯಿಂದ ಎದ್ದೇಬಿಟ್ಟಳು. "ಇದು ಕುಸುಬಿ ಅಲ್ಲನ! ವಾಸನಿ ಬರತೈತಿ ಅಂತ ಬಿಡಿಸಿದ್ದನ್ನ ಹೆಸರು ತಿದ್ದಿ ನನಗಾ ಕೊಟ್ಟೇಯಲ್ಲಲೇ!"

ಊರಿಗೆ ಬಂದವಳು ಬಾಗಿಲು ಪೂರಾ ತೆಗೆಯದೆ ಒಲೆ ಹಚ್ಚಿದಳು. ಬಿಳಿ ನೂಲಿನ ಎರಡು ಚಿಂದಿ. ಒಂದಕ್ಕೆ ಕುಸುಬಿ ಎಣ್ಣೆ, ಒಂದಕ್ಕೆ ಸೀಸೆಯದು, ಎರಡರ ಮೇಲೂ ಬೂದಿ ಹತ್ತಿದ ಬೆರಳು ಸವರಿದಳು. ಧೋತರ ತೊಳೆಯುವ ಹಂಗೆ ಬಿಸಿನೀರಿಗೆ ತೊಳೆಯುವ ಸೋಡಾ ಹಾಕಿ ಎರಡನ್ನೂ ಕುದಿಸಿದಳು. ಬೀಜದ ಎಣ್ಣೆ ಸೋಡಾಕ್ಕೆ ಸಾಬೂನಾಗಿ ಬಿಡುತ್ತದೆ, ನೆಲದ ಎಣ್ಣೆಗೆ ಸೋಡಾ ಹತ್ತುವುದಿಲ್ಲ. ಇದು ನನಗೆ ಪುಸ್ತಕದಿಂದ ಗೊತ್ತು, ಆಕೆಗೆ ಕಣ್ಣೆದುರು ಗೊತ್ತಾಯಿತು. ಕುಸುಬಿಯ ಚಿಂದಿ ಬೆಳ್ಳಗೆ ಬಂತು. ಸೀಸೆಯದರ ಮೇಲೆ ಬೂದುಬಣ್ಣದ ಗುರುತು ಹಂಗೇ ಕೂತಿತ್ತು.

"ಕಲೆ ನಂದ ಐತಿ," ಅಂದಳು.

"ಈಗ ಸುಮ್ಮನಿದ್ದುಬಿಡು. ಕುಸುಬಿ ಚಿಂದಿ ಒಂದನ್ನ ತೋರಿಸು. ನನ್ನ ಎಣ್ಣಿ ಇದು, ಕಲೆ ನಿಮ್ಮ ಮಗ್ಗದ್ದು ಅನ್ನು. ವೀರಣ್ಣ ಬಾಯಿ ಮುಚ್ಚತಾನ," ಅಂದೆ. ಹೋರಾಟದಲ್ಲಿ ಇಂಥವು ನಡೆಯುತ್ತವೆ, ನಾನು ಮಾಡಿದ್ದೇನೆ.

ಆಕೆ ಎರಡೂ ಚಿಂದಿ ಹಿಂಡಿ ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟಳು.

ವೀರಣ್ಣ ಶೆಡ್ಡಿನಲ್ಲಿದ್ದರು. ಹನ್ನೆರಡು ಮಗ್ಗದ ಗದ್ದಲದಲ್ಲಿ ಕೂಗಿಯೇ ಹೇಳಬೇಕಾಯಿತು. "ಕಲೆ ನನ್ನ ಬೆರಳಿಂದಾ ಬಂದದ್ರಿ ವೀರಣ್ಣಾರ. ಈ ಸೀಸಾದಾಗಿನ ಎಣ್ಣೀದು. ಕುಸುಬಿದು ನಿಲ್ಲೂದಿಲ್ಲ, ನೋಡ್ರಿ." ಎರಡನ್ನೂ ಮುಖದ ಮುಂದೆ ಹಿಡಿದಳು.

ವೀರಣ್ಣ ಒಂದು ಮಗ್ಗ ಬಂದ್ ಮಾಡಿಸಿ ಚಿಂದಿ ಬೆಳಕಿಗೆ ಹಿಡಿದು ನೋಡಿದರು. ಮರೆವ್ವ ಕೆಚ್ಚಿದ ಬೀಮಿನಲ್ಲಿ ದಿನಕ್ಕೆ ಹತ್ತು ಸಲ ಎಳೆ ಹರಿಯುತ್ತಿದ್ದವು. ಅದನ್ನು ಅವರು ಹೇಳಲಿಲ್ಲ, ಶೆಡ್ಡಿನವರೇ ಹೇಳಿದರು. "ಆತು ಬಿಡು. ನಾಳಿಂದ ಬಾ. ಆದ್ರ ಎಣ್ಣಿ ಮಾತ್ರ ಬ್ಯಾಡ, ಯಾವುದೂ ಬ್ಯಾಡ."

"ಹಂಗಾದ್ರ ನಾ ಬರೂದಿಲ್ರಿ."

"ಯಾಕ?"

ಆಕೆ ಹತ್ತೂ ಬೆರಳು ಚಾಚಿದಳು. ಎಣ್ಣೆ ಮುಟ್ಟದ ಒಂಬತ್ತು ದಿನದಲ್ಲಿ ಸಿವುರು ಮತ್ತೆ ಎದ್ದಿದ್ದವು, ಬಲಗೈ ಹೆಬ್ಬೆರಳು ಬುಡದಲ್ಲಿ ಸೀಳಿತ್ತು. "ಎಣ್ಣಿ ಬ್ಯಾಡಂದ್ರ ರಕ್ತ ಹತ್ತತೈತಿ. ಅದನ್ನ ಯಾವ ಸೋಡಾದಾಗ ಕುದಸ್ತೀರಿ? ಮಗ್ಗಕ್ಕ ದಿನಾ ಎಣ್ಣಿ ಬಿಡ್ತೀರಿ, ಅದು ನಿಮ್ಮ ಖರ್ಚು. ನನ್ನ ಬೆರಳೂ ಈ ಶೆಡ್ಡಿನಾಗಾ ಸವೀತಾವು. ಬೂದಿಬಟ್ಟಲದ ಮಗ್ಗಲ ಒಂದು ಸೀಸಾ ಕುಸುಬಿ ಎಣ್ಣಿ ಇಡ್ರಿ. ಗಾಣದ್ದು. ತಿಂಗಳಿಗೊಮ್ಮೆ ಹೊಸಾದು, ಹಳೇದಾದ್ರ ಅದೂ ಹಳದಿ ಬೀಳತೈತಿ. ನನಗಷ್ಟಾ ಅಲ್ಲ, ಕೆಚ್ಚಾಕ ಬಂದಾಕಿ ಯಾರಿದ್ರೂ."

"ಸಂಘದಾವ್ರು ಕಲಿಸಿ ಕಳಿಸ್ಯಾರೇನ?" ವೀರಣ್ಣ ನನ್ನ ಕಡೆ ನೋಡಿದರು.

"ಇವ್ರು ಬ್ಯಾರೇನ ಕಲಿಸಿದ್ರು," ಅಂದಳು ಗುರುಬಸವ್ವ. "ನಾ ಕೇಳಲಿಲ್ಲ."

ವೀರಣ್ಣ ನಿಂತ ಮಗ್ಗ ಮತ್ತೆ ಚಾಲೂ ಮಾಡಿಸಿ ಅದರ ಕಡೆ ತಿರುಗಿದರು. ನಾಲ್ಕು ದಿನ ಹಂಗೇ ಹೋದವು. ಆಕೆ ಕಟ್ಟೆ ಹತ್ತುವಳು, ಇಳಿಯುವಳು. ಐದನೇ ದಿನ ಹೇಳಿಕಳಿಸಿದರು.

ಹೋದಾಗ ಬೂದಿಬಟ್ಟಲಿನ ಮಗ್ಗುಲಲ್ಲಿ ಸೀಸೆ ಇತ್ತು. ಹೊಸ ಬೀಮು ಕಾಯುತ್ತಿತ್ತು, ಮಗ್ಗ ನಿಂತಿತ್ತು. ಗುರುಬಸವ್ವ ಕೂಡಲಿಲ್ಲ. ಮುಚ್ಚಳ ತೆಗೆದು ಮೂಸಿದಳು, ಸೊಂಟದಿಂದ ಒಂದು ಚಿಂದಿ ತೆಗೆದು ಎರಡು ಹನಿ ಬಿಟ್ಟು ಬೂದಿ ಸವರಿದಳು, ಚಹಾ ಕಾಸುವ ಒಲೆಯ ಮೇಲೆ ಸೋಡಾನೀರು ಇಟ್ಟಳು.

"ಗಾಣದ್ದಾ ಐತಿ ಬೇ! ಮಗ್ಗ ನಿಂತೈತಿ!" ವೀರಣ್ಣ ಕೂಗಿದರು.

"ನಿಂದರ್ಲಿರಿ. ಸೀಸಾದ ಮ್ಯಾಲೆ ಏನರ ಬರದಿರತಾರ."

ನೀರು ಕುದಿಯುವ ತನಕ ಶೆಡ್ಡಿನಲ್ಲಿ ಎಲ್ಲರೂ ಅದನ್ನೇ ನೋಡುತ್ತ ನಿಂತರು. ಚಿಂದಿ ಎತ್ತಿ ಹಿಂಡಿ, ಬಾಗಿಲಿನ ಬೆಳಕಿಗೆ ಹಿಡಿದಳು. ತಿರುವಿ ಮತ್ತೊಂದು ಮಗ್ಗುಲು ನೋಡಿದಳು. ಆಮೇಲೆ ಬಂದು ಬೀಮಿನ ಮುಂದೆ ಕೂತು ಬೂದಿಯಲ್ಲಿ ಬೆರಳು ಅದ್ದಿದಳು.