ರಸ್ತೆಯ ಆಚೆ ಬದಿಯ ಮರಳು

ಇಲ್ಲಿ ಐರ್ಲೆಂಡಿನಲ್ಲಿ, ಪಾರ್ಕ್‌ಮೋರ್‌ನ ನಮ್ಮ ಆಫೀಸಿನ ಹಿಂದಿದ್ದ ಪೈನ್ ಮರಗಳ ಸಾಲನ್ನು ಮೊನ್ನೆ ಕಡಿದರು. ಹಸಿ ಮರದ ಅಂಟಿನ ವಾಸನೆ ಬಂದಾಗ ಪಕ್ಕದ ಮನೆಯ ಅಂಕಲ್ ನೆನಪಾದರು. ಯಾಕೆಂದು ತಿಳಿಯದು, ಅವರು ನೆಡಿಸಿದ್ದು ಪೈನ್ ಅಲ್ಲ, ಬಳ್ಳಾರಿ ಜಾಲಿ.

ಮೊಮ್ಮಗಳನ್ನು ನೋಡಲೆಂದು ಮೈಸೂರಿನಿಂದ ಮಗಳ ಮನೆಗೆ ಬಂದವರು ಲಾಕ್‌ಡೌನ್ ಆಗಿ ಇಲ್ಲೇ ಸಿಕ್ಕಿಬಿದ್ದರು. ಮನೆಯಿಂದ ಹೆಚ್ಚು ದೂರ ಹೋಗುವಂತಿರಲಿಲ್ಲ. ಸಂಜೆ ನಾವಿಬ್ಬರೂ ಅಂತರ ಬಿಟ್ಟು ನಡೆಯುತ್ತ, ಗಾಳಿಯಲ್ಲಿ ಕೂಗಿ ಮಾತಾಡುತ್ತಿದ್ದೆವು. ಕೆಲಸದಲ್ಲಿದ್ದಾಗ ಅವರು ರಾಜಸ್ಥಾನದ ಮರುಭೂಮಿಯಲ್ಲಿ, ಹೆದ್ದಾರಿಗೆ ಮರಳು ನುಗ್ಗದಂತೆ ಅದರ ಉದ್ದಕ್ಕೂ ಮರ ಬೆಳೆಸಿದವರು.

"ಮರಳು ನಿಲ್ತಾ ಅಂಕಲ್?"

"ನಿಲ್ತು. ಅದೇ ತೊಂದ್ರೆ ಆಗಿದ್ದು."

ಮೊದಲು ರಸ್ತೆ ದಾಟಿ ಹೋಗುತ್ತಿದ್ದ ಮರಳು ಮರಗಳ ಬುಡದಲ್ಲೇ ಬಿದ್ದು ದಿಬ್ಬವಾಯಿತು. ಗಾಳಿ ಬರುವ ಆ ಬದಿಯಲ್ಲೇ ಒಂದು ಸಣ್ಣ ಊರು. ಆಡುಗಳು ಜಾಲಿಯ ಕಾಯಿ ತಿಂದು ಹುಲ್ಲುಗಾವಲಿನಲ್ಲೆಲ್ಲ ಬೀಜ ಹರಡಿದವು; ಹುಲ್ಲಿದ್ದ ಕಡೆ ಮುಳ್ಳು. ಬಾವಿಯ ನೀರು ಇಳಿಯಿತು... ಅಥವಾ ಬಾವಿಯೇ ಮುಚ್ಚಿಹೋಯಿತು ಅಂದರೋ? ಒಂದೊಂದು ಸಂಜೆ ಒಂದೊಂದು ರೀತಿ ಹೇಳಿದ ನೆನಪು. ನಾನೇ ಈಗ ಸೇರಿಸುತ್ತಿರಲೂಬಹುದು.

ತಪಾಸಣೆಗೆ ಬಂದವರು ಜೀಪಿನಿಂದ ಇಳಿಯುತ್ತಿರಲಿಲ್ಲವಂತೆ. ಟಾರಿನ ಮೇಲೆ ಮರಳಿಲ್ಲ ಎಂದರೆ ಕೆಲಸ ಗೆದ್ದ ಹಾಗೆ. "ನಾನೂ ಇಳೀತಿರ್ಲಿಲ್ಲ" ಎಂದಿದ್ದರು. ಒಮ್ಮೆ ಇಳಿದಾಗ ಆಡು ಕಾಯುವ ಮುದುಕಿಯೊಬ್ಬಳು ಕೇಳಿದಳಂತೆ: "ನಿಮ್ಮ ರಸ್ತೆ ಉಳೀತು ಸಾಹೇಬ್ರೇ. ನಾವು?" ಉತ್ತರ ಹುಡುಕುವಷ್ಟರಲ್ಲಿ ಅವರಿಗೆ ವರ್ಗವಾಯಿತು.

ವಿಮಾನ ಶುರುವಾದರೆ ದೆಹಲಿಯಲ್ಲಿಳಿದು ಮೊದಲು ಅಲ್ಲಿಗೇ ಹೋಗಬೇಕೆಂದಿದ್ದರು, ಆ ಊರು ಇದೆಯೋ ಇಲ್ಲವೋ ಕಣ್ಣಾರೆ ನೋಡಲು. ಮಗಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಅಪ್ಪಾ, ನಿಮ್ಮ ಆ ಊರು ಇಲ್ಲಿಯವರು ಅನ್ನೋ ಹಾಗೆ ಗ್ರ್ಯಾಂಡ್ ಆಗಿ, ಚೆನ್ನಾಗೇ ಇರತ್ತೆ. ಮೊದ್ಲು ಮಾಸ್ಕ್ ಸರಿಯಾಗಿ ಹಾಕ್ಕೊಳ್ಳಿ."

"ನೀನಿನ್ನೂ ಜೀಪಲ್ಲೇ ಕೂತಿದ್ದೀಯ ಕಣಮ್ಮ."

ಚಳಿಗಾಲದಲ್ಲಿ ಅವರಿಗೆ ಕೋವಿಡ್ ಬಂತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅಂತ್ಯಕ್ರಿಯೆಯನ್ನು ನಾನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ನಮ್ಮಪ್ಪ ಮರುಭೂಮಿಯನ್ನು ಹಸಿರು ಮಾಡಿದವರು ಎಂದು ಮಗಳು ಅಳುತ್ತ ಹೇಳಿದಳು. ಸುಳ್ಳಲ್ಲ. ಹಸಿರಂತೂ ಆಗಿತ್ತು...

ಈಗ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ತನ್ನ ತಾತ ಮರುಭೂಮಿಯನ್ನೇ ತಡೆದು ನಿಲ್ಲಿಸಿದರೆಂದು ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಬೇಲಿಯಾಚೆಯಿಂದ ನನಗೆ ಹೇಳುತ್ತಾಳೆ. ನಾನು ಹೂಂ ಅನ್ನುತ್ತೇನೆ. ಆ ಊರು ಉಳಿದಿದೆಯೇ ಎಂದು ಕೇಳುವವರು ಒಬ್ಬರಿದ್ದರು. ಅವರ ಜೊತೆಗೆ ಆ ಪ್ರಶ್ನೆಯೂ ಹೋಯಿತು.